ಕೊಂಡ ಮ್ಯಾಲ ಕೈ ಕೈ ಹಿಚುಕಿಕೊಳ್ಳೋ ವಾದ್ಯಗಳು: ಪೇಟಿ (ಹಾರ್ಮೋನಿಯಂ), ತಬಲಾ, ತಂಬೂರಿ, ಮೈಕು

ಭಜನಿಪದ_ರಾಮದುರ್ಗ
ಎಲ್ಲಾರಿಗೂ ಶರಣು. ಓಣಿ ಭಜನಾ ಮಂಡಳಿ ಪೇಟಿ ವಿಚಾರ ಕೇಳೋದೈತಿ. 42 ಕೀ, ಮೂರು ಸಾಲು ರೀಡು (ದನಿ ಕೊಡೋ ಹಿತ್ತಾಳಿ ನಾಲಿಗಿ), 9 ಸ್ಕೇಲ್ ಚೇಂಜರ್ (ಕೀಬೋರ್ಡ್ ಸರಿಸಿ ಸಾ ಬದಲಿಸೋದು), ಕಪ್ಲರ್ (ಒಂದು ಕೀ ಒತ್ತಿದ್ರ ಇನ್ನೊಂದು ಸಪ್ತಕದ ಅದ ಸ್ವರಾನೂ ನುಡಿಸೋದು), ಮಡಚಿ ಇಡೋ ಸೂಟ್‌ಕೇಸ್ ಮಾದರಿ. ಹೊಸಾದ್ರಾಗ ದನಿ ಭಾರಿ ಇತ್ತು. ಈಗ ತಿದಿ ಎಷ್ಟು ಹೊಡದ್ರೂ ಗಾಳಿ ನಿಲ್ಲಂಗಿಲ್ಲ. ನಡುವಿನ ಸಪ್ತಕದ ಪ ಒತ್ತಿದ್ರ ಬಿಡಂಗಿಲ್ಲ, ಗುಂಯ್ ಅಂತ ಅಲ್ಲೇ ಕುಂತ್ಬಿಡ್ತೈತಿ. ಎತ್ತಾಕ ಇಬ್ರು ಬೇಕು. ಹಾಡೋರೆಲ್ಲಾ ಗಂಡಸ್ರು, ಪಟ್ಟಿ (ಸಾ ಹಿಡಿಯೋ ಕೀ, ಬಿಳಿ ಕರಿ ಬ್ಯಾರೆ ಬ್ಯಾರೆ ಎಣಿಸಿ) ಬಿಳಿ 1 ಇಲ್ಲಾ ಕರಿ 1, ಅದರಾಚೆ ಹೋಗಿದ್ದ ಇಲ್ಲ.

ರಿಪೇರಿ ಮಾಡ್ಸೂದೋ, ಮಾರೂದೋ? ಹಂಗ ಇನ್ನೊಂದು: ಪೇಟಿ, ತಬಲಾ, ಮೈಕು ತಗೊಂಡು ಆಮ್ಯಾಲ ಮಂದಿ ಯಾಕ ಹಳಹಳಿಸ್ತಾರ, ಎಲ್ಲಿ ತಪ್ತಾರ, ತಿಳದವ್ರು ಬಿಡಿಸಿ ಹೇಳ್ರಿ. ಮುಂದಿನ ಸಲ ಎಡವೋದು ಬ್ಯಾಡ.

ಸೂರಪೇಟಿ_ಬೆಳಗಾವಿ
ಮಾರೋ ಮಾತು ಆಮ್ಯಾಲ. ಮೊದ್ಲ ರೋಗ ಯಾವುದು ನೋಡ್ರಿ.

ಸ್ಟಾಪರ್ (ಗಾಳಿ ದಾರಿ ತೆರೆದು ಮುಚ್ಚೋ ಗುಂಡಿ) ಎಲ್ಲಾ ಒಳಗ ತಳ್ಳಿ ಮುಚ್ರಿ. ತಿದಿ ನಾಕೈದು ಸಲ ಹೊಡೀರಿ. ಒಳಗಿನ ತಿದಿ ತುಂಬಿದ ಮ್ಯಾಲ ಹೊರಗಿಂದು ಕೈಗೆ ಬಿಗಿ ಹತ್ತಬೇಕು, ಒತ್ತಿದ್ರ ಹೋಗಬಾರ್ದು. ಮೆತ್ತಗ ಒಳಗ ಹೊಂಟೇಬಿಡ್ತಂದ್ರ ಸೋರೋದು ತಿದಿ ಕಡೆ, ಇಲ್ಲಾ ಪೆಟ್ಟಿಗಿ ಸಂದ್ಯಾಗ. ಊದಿನಕಡ್ಡಿ ಹಚ್ಚಿ ನಾಕು ಬೆರಳ ದೂರದಿಂದ ತಿದಿ ಮಡಿಕಿ ಮೂಲಿಗೆ ಹಿಡೀರಿ. ಹೊಗಿ ನೆಟ್ಟಗ ಏರೋದು ಬಿಟ್ಟು ಎಲ್ಲಿ ಅಡ್ಡ ಹಾರ್ತೈತಿ, ತೂತು ಅಲ್ಲೇ. ಸೂಟ್‌ಕೇಸ್ ಮಾದರಿ ಅಂದ್ರ ಮ್ಯಾಲಿನ ಭಾಗ ಏರಿಸಿ ಇಳಿಸೋ ಸಂದಿಗೂ ಹಿಡೀರಿ, ಅದು ಬ್ಯಾರೆ ಪೇಟಿಗೆ ಇಲ್ಲದ ಸಂಕಟ.

ಇದ್ರಾಗ ಪಾಸಾದ್ರ ಸ್ಟಾಪರ್ ತಗೀರಿ, ಯಾವ ಕೀನೂ ಮುಟ್ಟದ ತಿದಿ ಹೊಡೀರಿ. ದನಿ ಬಂದ್ರ ಕೀ ಕೆಳಗ ತೂತು ಮುಚ್ಚೋ ಪಟ್ಟಿಯ ಚರ್ಮ ಸರಿ ಕುಂತಿಲ್ಲ.

ಪ ಬಿಡಂಗಿಲ್ಲ ಅಂದ್ರಲ್ಲ, ಅದ್ರಾಗೂ ಎರಡು ಥರ ಐತಿ. ಕೀನ ಮ್ಯಾಲ ಏಳ್ದ ಕುಂತ್ರ ಕಟ್ಟಿಗಿ ಉಬ್ಬಿ ಪಕ್ಕದ ಕೀಗೆ ತಿಕ್ಕಾಕತ್ತೈತಿ. ಕೀ ಎದ್ದು ನಿಂತ್ರೂ ದನಿ ನಿಲ್ಲಲಿಲ್ಲಂದ್ರ ಚರ್ಮದ ಕೆಳಗ ಕಸ, ಇಲ್ಲಾ ಸ್ಪ್ರಿಂಗ್ ಸೋತೈತಿ. ಯಾವುದಂತ ನೋಡಿ ಬರೀರಿ.

ಕರಿನಾಲ್ಕು_ವಿಜಯಪುರ
ಮೂರು ಸಾಲು ರೀಡು, ಸ್ಕೇಲ್ ಚೇಂಜರ್, ಮ್ಯಾಲ ಸೂಟ್‌ಕೇಸ್ ಬ್ಯಾರೆ. ಎತ್ತು, ಎಮ್ಮಿ, ಕುದುರಿ ಮೂರನ್ನೂ ಒಂದ ನೊಗಕ್ಕ ಹೂಡಿದಂಗ ಆಗ್ಯದ ನೋಡ್ರಿ.

ಗೋಕಾಕ_ಸಾಥಿ
ನಗು ಬಂದ್ರೂ ಖರೇ ಐತಿ. ಲೆಕ್ಕ ಹಾಕ್ರಿ: 42 ಕೀಗೆ ಎರಡು ಸಾಲಂದ್ರ 84 ರೀಡು, ಮೂರು ಸಾಲಂದ್ರ 126. ಒಂದು ಸ್ವರ ಒತ್ತಿದ್ರ ಮೂರು ನಾಲಿಗಿ ಕುಣೀಬೇಕು, ಕಪ್ಲರ್ ಹಾಕಿದ್ರ ಆರು. ಅಷ್ಟಕ್ಕೂ ಗಾಳಿ ಕೊಡೋದು ಅದ ಒಂದು ತಿದಿ. ಸೂಟ್‌ಕೇಸ್ ಮಾದರ್ಯಾಗ ತಿದಿಗೆ ಜಾಗ ಮೊದ್ಲ ಕಡಿಮಿ. ಅಂಗಡ್ಯಾಗ ಒಂದೊಂದ ಸ್ವರ ಒತ್ತಿ ಕೇಳ್ತಾರ, ಗಡಗಡ ದನಿ ಬರ್ತೈತಿ, ರೊಕ್ಕ ಕೊಟ್ಟು ಬರ್ತಾರ. ಮಂಡಳ್ಯಾಗ ಎರಡು ತಾಸು ಬಾರಿಸಿದಾಗ ಎಡಗೈ ರಟ್ಟಿ ಬಿದ್ದುಹೋಗ್ತೈತಿ.

ಭಜನಿಗೆ ಎರಡು ಸಾಲು, ಒಂದು ಖರಜ (ತಗ್ಗಿನ ದನಿ) ಒಂದು ನರ (ನಡುವಿನ ದನಿ), ಸಾಕು. ಉಳಿದ ರೊಕ್ಕ ಒಳ್ಳೆ ಸಾಗವಾನಿ ಕಟ್ಟಿಗಿಗೆ ಹಾಕ್ರಿ.

ಶ್ರುತಿಪೆಟ್ಟಿಗೆ_ಬಾಗಲಕೋಟೆ
ಸ್ಕೇಲ್ ಚೇಂಜರ್ ಒಂದನ್ನೇ ಯಾಕೆ ಎಲ್ಲರೂ ಬೈಯುತ್ತೀರಿ? ಒಂದೇ ಕೂಟದಲ್ಲಿ ಮೊದಲು ಕರಿ 1ರ ಗಂಡಸರು, ಆಮೇಲೆ ಕರಿ 4ರ ಹೆಣ್ಣುಮಕ್ಕಳು, ನಂತರ ಬಿಳಿ 4ರ ಹುಡುಗರು ಹಾಡುತ್ತಾರೆ. ಸಾಥಿಗೆ (ಹಾಡುವವರ ಜೊತೆ ಬಾರಿಸುವವನಿಗೆ) ಅದು ನಿಜವಾದ ಅನುಕೂಲ. ತಪ್ಪು ವಸ್ತುವಿನದಲ್ಲ, ಅಗತ್ಯವಿಲ್ಲದವರು ಕೊಳ್ಳುವುದರದು.

ಗೋಕಾಕ_ಸಾಥಿ
ಸರ, ಕರಿ 4ಕ್ಕ ಕರಿ 4ರಿಂದನ ಬಾರಿಸೂದು ಕಲೀಬೇಕ್ರಿ. ಬೆಳಗಾವಿಯ ಹೆಸರಾಂತ ಪೇಟಿ ವಾದಕ ರಾಮಭಾವು ಬಿಜಾಪುರೆಯವರ ನಾಡಿನ್ಯಾಗ ಕುಂತು ಬೆರಳು ಬಿಳಿ 1 ಬಿಟ್ಟು ಸರಿಯಂಗಿಲ್ಲ ಅಂದ್ರ ಹೆಂಗ?

ಶ್ರುತಿಪೆಟ್ಟಿಗೆ_ಬಾಗಲಕೋಟೆ
ಬಿಜಾಪುರೆಯವರ ಬೆರಳು ಎಲ್ಲರಿಗೂ ಅಂಗಡಿಯಲ್ಲಿ ಸಿಗುವುದಿಲ್ಲ, ಅಣ್ಣಾ. ವಾರಕ್ಕೆ ಒಂದು ಗುರುವಾರ ಬಾರಿಸುವವರ ಬಗ್ಗೆ ಮಾತಾಡುತ್ತಿದ್ದೇವೆ.

ಸೂರಪೇಟಿ_ಬೆಳಗಾವಿ
ಜಗಳ ಬ್ಯಾಡ. ಸ್ಕೇಲ್ ಚೇಂಜರ್ ಕೆಡೋದು ಯಾಕಂತ ತಿಳ್ಕೊಂಡ್ರ ಅರ್ಧ ಜಗಳ ಕಡಿಮಿ ಆಕೈತಿ. ಅದ್ರಾಗ ಕೀಬೋರ್ಡ್ ಪೂರ್ತಿ ಒಂದು ಹಳಿ ಮ್ಯಾಲ ಎಡಕ್ಕ ಬಲಕ್ಕ ಸರೀತೈತಿ, ರೀಡು ಇದ್ದಲ್ಲೇ ಇರ್ತಾವ. ಪ್ರತಿ ಕೀನೂ ತನ್ನ ಕೆಳಗಿನ ಸನ್ನಿ ಮ್ಯಾಲ ನೇರ ಬಂದು ಕೂಡಬೇಕು. ಕೂದಲೆಳಿಯಷ್ಟು ಹಿಂದಮುಂದ ಆದ್ರ ತೂತು ಅರ್ಧ ತೆರೀತೈತಿ, ದನಿ ಮುಕ್ಕರಿಸ್ತೈತಿ. ಕಪ್ಲರ್ ಹಾಕಿದ್ದಂಗ, ಇಲ್ಲಾ ಒಂದು ಕೀ ಒತ್ತಿ ಹಿಡದಂಗ ಸರಿಸಿದ್ರೋ, ಒಳಗಿನ ತಂತಿ ಬಾಗ್ತಾವ. ಮಂಡಳ್ಯಾಗ ಹತ್ತು ಮಂದಿ ಕೈ ಹಾಕೋ ಪೇಟಿಗೆ ಇದು ಆಗೇ ಆಕೈತಿ. ಕಪ್ಲರ್ ತಗಿ, ಕೈ ಎತ್ತು, ಆಮ್ಯಾಲ ಸರಿಸು. ಇಷ್ಟನ್ನ ಪೇಟಿ ಮುಚ್ಚಳದ ಒಳಗ ಬರದು ಹಚ್ರಿ.

ಇನ್ನ ತೂಕ: ಮೂರು ಸಾಲು, ಚೇಂಜರ್ ಇದ್ದದ್ದು 15 ಕಿಲೋ ಸಹಜ ದಾಟ್ತಾವ. ಬಸ್ಸಿನ್ಯಾಗ ಊರೂರು ತಿರುಗೋರು ಮೊದ್ಲ ಎತ್ತಿ ನೋಡಬೇಕು, ಆಮ್ಯಾಲ ಬಾರಿಸಿ.

ಗಾಂಧಾರ_ನಿಪ್ಪಾಣಿ
ಇನ್ನೊಂದು ಮೋಜಿನ ಹಳಹಳಿ ಇದೆ. ಕೆಲವರು ಸ್ಕೇಲ್ ಚೇಂಜರ್ ಪೇಟಿ ತಗೊಂಡು, ಅದಕ್ಕೇ ಗಾಂಧಾರ ಟ್ಯೂನಿಂಗ್ ಮಾಡಿಸುತ್ತಾರೆ. ಅಂಗಡಿಯ ಪೇಟಿಯಲ್ಲಿ ಹನ್ನೆರಡೂ ಸ್ವರ ಸಮ ಅಂತರ, ಒಂದೊಂದು 100 ಸೆಂಟ್ (ಸ್ವರಗಳ ಅಂತರ ಅಳೆಯುವ ಮಾಪ). ತಂಬೂರಿಯಲ್ಲಿ ತಾನಾಗಿ ಕೇಳಿಸುವ ಶುದ್ಧ ಗಾಂಧಾರ 386, ಪೇಟಿಯದು 400. ಅಂದರೆ 14 ಸೆಂಟ್ ಮೇಲೆ. ಧೈವತ 16 ಸೆಂಟ್ ಮೇಲೆ. ಇದನ್ನು ಇಳಿಸಿ ಕೂರಿಸುವುದೇ ಗಾಂಧಾರ ಟ್ಯೂನಿಂಗ್. ಆದರೆ ಅದು ಒಂದು ಸಾ ಹಿಡಿದು ಮಾಡಿದ ಲೆಕ್ಕ. ಕೀಬೋರ್ಡ್ ಸರಿಸಿದ ಕೂಡಲೇ ಸಾ ಬೇರೆ ರೀಡಿನ ಮೇಲೆ ಕೂರುತ್ತದೆ, ಇಳಿಸಿದ ರೀಡು ಇನ್ಯಾವುದೋ ಸ್ವರವಾಗುತ್ತದೆ, ಎಲ್ಲ ಕಲಸುಮೇಲೋಗರ. ಎರಡಕ್ಕೂ ದುಡ್ಡು ಕೊಟ್ಟು ಒಂದರಿಂದ ಇನ್ನೊಂದನ್ನು ಕೆಡಿಸಿಕೊಂಡ ಹಾಗೆ.

ಕರಿನಾಲ್ಕು_ವಿಜಯಪುರ
ಈ ಗಾಂಧಾರದ ಸಲುವಾಗೇ ಅಲ್ಲೇನ್ರಿ ಆಕಾಶವಾಣಿಯವ್ರು 1940ರಿಂದ 1971ರ ತನಕ ಪೇಟಿನ ಹೊರಗ ಇಟ್ಟಿದ್ದು?

ಗಾಂಧಾರ_ನಿಪ್ಪಾಣಿ
ಅದೂ ಒಂದು ಕಾರಣ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬರುವುದಿಲ್ಲ ಎಂಬುದು ಇನ್ನೊಂದು, ಪರದೇಶಿ ವಾದ್ಯ ಎಂಬುದು ಮತ್ತೊಂದು.

ಡಗ್ಗಾ_ಜಮಖಂಡಿ
ಪೇಟಿ ಪುರಾಣ ಸಾಕ್ ಮಾಡ್ರಿ, ತಬಲಾ ಕಡೆ ಬರ್ರಿ. ಅತಿ ಹೆಚ್ಚು ತಪ್ಪೋದು ಬಾಯಿ ಅಳತ್ಯಾಗ. ದಾಯಾ (ಬಲಗೈ ತಬಲಾ) ನೋಡಾಕ ಚೆಂದ ಐತಿ, ಹೊಳೀತೈತಿ ಅಂತ ತರ್ತಾರ. ಮನ್ಯಾಗಿನ ಪಟ್ಟಿ ಯಾವುದು ಅಂತ ಕೇಳಂಗ ಇಲ್ಲ.

ಮೋಟು ಲೆಕ್ಕ: 5ರಿಂದ 5 ಕಾಲು ಇಂಚು ಬಾಯಿ ಕರಿ 1, ಬಿಳಿ 2ರ ಕಡೆ. 5 ಅರ್ಧ ಬಿಳಿ 1, ಕರಿ 1. 6ರ ಹತ್ರ ಬಂದ್ರ ಕರಿ 5, ಬಿಳಿ 7. 6 ಕಾಲು ಕರಿ 4. ಕಟ್ಟಿಗಿ, ಪುಡಿ (ಬಾಯಿ ಚರ್ಮ) ದಪ್ಪ, ಶಾಯಿ (ನಡುವಿನ ಕರಿ ಬೊಟ್ಟು) ಮ್ಯಾಲ ಸ್ವಲ್ಪ ಹೆಚ್ಚುಕಡಿಮಿ ಆಕೈತಿ. ಒಂದು ತಬಲಾ ಚೆಂದಾಗಿ ನುಡಿಯೋದು ಒಂದೆರಡು ಪಟ್ಟಿಯೊಳಗ ಅಷ್ಟ. ಬಿಳಿ 1ರ ತಬಲಾನ ಬಡದು ಬಡದು ಕರಿ 2ಕ್ಕ ಏರ್ಸಿದ್ರ ಗಜರಾ (ಅಂಚಿನ ಚರ್ಮದ ಹೆಣಿಕಿ) ಹತ್ರ ಪುಡಿ ಹರೀತೈತಿ. ಕೆಳಗ ಇಳಿಸಿದ್ರ ಕಿನಾರ್ (ಅಂಚಿನ ದನಿ) ಸತ್ತು ಡಬ್ ಡಬ್ ಅಂತೈತಿ.

ಕರಿನಾಲ್ಕು_ವಿಜಯಪುರ
ಕರಿ 4ರವ್ರಿಗೆ ಸಲ ಸಲ ದೊಡ್ಡ ತಬಲಾ ಬೇಕಂತಿಲ್ಲ. ಕರಿ 4ರ ಮಧ್ಯಮ ಕರಿ 1ಕ್ಕ ಬರ್ತದ. ಇದ್ದ ಕರಿ 1ರ ತಬಲಾನ ಮ ಸ್ವರಕ್ಕ ಇಟ್ಟು ಬಾರಿಸಬಹುದು. ಪಂಚಮ ಬೇಕಂದ್ರ ಕರಿ 2.

ಡಗ್ಗಾ_ಜಮಖಂಡಿ
ಮಾಲಕಂಸ ರಾಗಕ್ಕ ಒಪ್ಪತೈತಿ. ಭೂಪ ರಾಗಕ್ಕ? ಭೂಪದಾಗ ಮಧ್ಯಮನ ಇಲ್ಲ. ತಬಲಾ ಒಂದ ಕಡೆ ಮ ಮ ಅಂತ ಕುಂತ್ರ ಹಾಡೋ ಅಕ್ಕಾರು ತಿರುಗಿ ನೋಡ್ತಾರ. ಅದಕ್ಕ ಪ ಬೇಕು, ಆ ಪ ಸ್ವರಕ್ಕ, ಅಂದ್ರ ಕರಿ 2ಕ್ಕ, ಏರೋ ಸಣ್ಣ ಬಾಯಿ ಬೇಕು. ಮಾರವಾಕ್ಕ ಬಂದ್ರ ಪಾನೂ ಇಲ್ಲ.

ಕರಿನಾಲ್ಕು_ವಿಜಯಪುರ
ಒಪ್ಪಿದೆ ಗುರುವೇ. ಭಜನಿಯೊಳಗ ಮಾರವಾ ಹಾಡೋರು ಯಾರು ಅನ್ನೋದು ಬ್ಯಾರೆ ಮಾತು.

ಹೊಸಕಲಿಕೆ_ಚಿಕ್ಕೋಡಿ
ಡಗ್ಗಾ (ಎಡಗೈ ಕಡೆದು) ಹಿತ್ತಾಳೆ ಒಳ್ಳೇದೋ, ತಾಮ್ರನೋ, ಸ್ಟೀಲ್ ಇದ್ರ ಸಾಕೋ?

ಡಗ್ಗಾ_ಜಮಖಂಡಿ
ಲೋಹಕ್ಕಿಂತ ದಪ್ಪ ನೋಡ್ರಿ ತಮ್ಮಾ. ಬರೇ ಗಡಿಗಿ ಬೆರಳಲೆ ತಟ್ಟಿದ್ರ ಡಬ್ಬಿ ಹಂಗ ಠಣ್ ಅಂದ್ರ ತೆಳು ತಗಡು. ಗುಮಕಿ (ತಗ್ಗಿನ ಗುಂಯ್ ದನಿ) ಉದ್ದ ನಿಲ್ಲಂಗಿಲ್ಲ, ಮಣಿಕಟ್ಟು ಒತ್ತಿದ್ರ ಗಡಿಗಿನ ಜರೀತೈತಿ. ಫಳಫಳ ನಿಕಲ್ ಲೇಪ ನೋಡಿ ಮೋಸ ಹೋಗೋರು ಭಾಳ. ಒಳಗಿನ ಲೋಹ ಏನು, ತಕ್ಕಡ್ಯಾಗ ಎಷ್ಟು ತೂಗ್ತೈತಿ ಕೇಳ್ರಿ. ದಾಯಾ ಆದ್ರ ಬೀಟಿ, ಬೇವು, ಜಾಲಿ ಗಟ್ಟಿ ಕಟ್ಟಿಗಿ. ಹಗುರ ಐತಿ ಅಂತ ಖುಷಿ ಪಡಬ್ಯಾಡ್ರಿ. ಹಗುರಾದ್ದು ಬಾರಿಸುವಾಗ ಇಂಡಿ (ಕೆಳಗಿನ ಸಿಂಬಿ) ಬಿಟ್ಟು ಓಡ್ತೈತಿ.

ಹೊಸಾ ತಬಲಾ ನೋಡುವಾಗ ಗಜರಾದ 16 ಮನಿಯೊಳಗ ಒಂದ ಸ್ವರ ಬರ್ತೈತೋ ಇಲ್ಲೋ ಸುತ್ತ ತಟ್ಟಿ ನೋಡ್ರಿ. ಎರಡು ಮನಿಯೊಳಗ ಮಾತ್ರ ಇಳದಿದ್ರ ಸುತ್ತಿಗ್ಯಾಗ ಸರಿ ಆಕೈತಿ. ಅರ್ಧ ಭಾಗ ಒಂದು ಸ್ವರ, ಅರ್ಧ ಇನ್ನೊಂದಂದ್ರ ಶಾಯಿ ನಡುವ ಕುಂತಿಲ್ಲ, ಇಲ್ಲಾ ಚರ್ಮ ಒಂದ ದಪ್ಪ ಇಲ್ಲ. ಅಂಥಾದ್ದು ಯಾವ ಉಸ್ತಾದ್ ಬಂದ್ರೂ ಸೂರಿಗೆ (ಶ್ರುತಿಗೆ) ಬರಂಗಿಲ್ಲ.

ತಗಡು_ತೆಗೀರಿ
ಎಪ್ರಿಲ್ ತಿಂಗಳಾಗ ವಿಜಯಪುರದ ಬಿಸಿಲಿಗೆ ಕಾರಿನ್ಯಾಗ ತಬಲಾ ಬಿಟ್ಟವ್ರಿಗೆ ಪುಡಿ ತಾನ ಹರದು ಉತ್ತರ ಕೊಡ್ತದ. ಅಳತಿ ಕೇಳೋ ಮೊದ್ಲ ಇದನ್ನ ಹೇಳ್ರಿ.

ತುಂಬಾ_ತಂತಿ_ಅಥಣಿ
ತಂಬೂರಿ ಬಗ್ಗೆ ಯಾರೂ ಬರೆದಿಲ್ಲವಲ್ಲ. ಅಲ್ಲೂ ಅದೇ ಕಥೆ. ಮನೆಗೆ ಚಿಕ್ಕದು ಸಾಕು ಎಂದು ಹೆಣ್ಣು ತಂಬೂರಿ ತರುತ್ತಾರೆ, ಹಾಡುವವರು ಕರಿ 1ರ ಗಂಡಸರು. ತಂತಿ ಅಷ್ಟು ಕೆಳಗೆ ಇಳಿಸಿದರೆ ಸಡಿಲಾಗಿ ಘೋಡಿಯ (ತಂತಿ ಹಾಯುವ ಪಟ್ಟಿಯ) ಮೇಲೆ ಬಡಿಯುತ್ತದೆ, ಜವಾರಿ (ತಂತಿಯ ಝೇಂಕಾರ) ತೆರೆಯುವುದೇ ಇಲ್ಲ. ಇದರ ತಿರುಗಾಮುರುಗಾ: ಸುಮಾರು 5 ಅಡಿಯ ಗಂಡು ತಂಬೂರಿಯನ್ನು ಕರಿ 4ಕ್ಕೆ ಏರಿಸಲು ಹೋಗಿ ಜೋಡಿ ತಂತಿ ಹರಿಯುವುದು. ತಂತಿ ದಪ್ಪ ಬದಲಿಸಿ ಒಂದೆರಡು ಪಟ್ಟಿ ಆಚೀಚೆ ಮಾಡಬಹುದು, ಅದಕ್ಕಿಂತ ಹೆಚ್ಚಿಲ್ಲ.

ಮೀರಜ್ ನಮಗೆ ರೈಲಿನ ದಾರಿ. ಅಲ್ಲಿನ ಸಿತಾರ್, ತಂಬೂರಿಗಳಿಗೆ 2024ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಬಂತು. ಅಲ್ಲಿಗೆ ಹೋಗಿ ನಿಮ್ಮ ಪಟ್ಟಿ ಹೇಳಿ, ಅದೇ ಪಟ್ಟಿಗೆ ತಂತಿ ಹಾಕಿಸಿ, ಜವಾರಿ ತೆಗೆಸಿ, ಅಲ್ಲೇ ಕೂತು ಹಾಡಿ ನೋಡಿ ತರುವುದು ಬಿಟ್ಟು ಫೋಟೋ ನೋಡಿ ಪಾರ್ಸೆಲ್ ತರಿಸುತ್ತಾರೆ. ತುಂಬಾ ಅಂದರೆ ಪಂಢರಪುರದ ಕಡೆ ಬೆಳೆವ ಒಣ ಸೋರೆ ಬುರುಡೆ, ಪಾರ್ಸೆಲ್ ಎತ್ತಿ ಒಗೆಯುವವರಿಗೆ ಅದು ಗೊತ್ತಿರುವುದಿಲ್ಲ.

ನೋಡುವುದು ಹೀಗೆ: ತುಂಬಾವನ್ನು ಬೆಳಕಿಗೆ ಓರೆ ಹಿಡಿಯಿರಿ, ಪಾಲಿಶ್ ಕೆಳಗೆ ಕೂದಲೆಳೆಯ ಗೆರೆ ಇದ್ದರೆ ಉಗುರಿಗೆ ತಾಗುತ್ತದೆ. ದಂಡಿಯನ್ನು ಒಂದು ಕಣ್ಣು ಮುಚ್ಚಿ ಉದ್ದಕ್ಕೆ ನೋಡಿ, ಬಾಗಿರಬಾರದು. ಖೂಂಟಿ (ತಂತಿ ಬಿಗಿಯುವ ಗೂಟ) ತಿರುಗಿಸಿ ಕೈ ಬಿಟ್ಟರೆ ಇದ್ದಲ್ಲೇ ನಿಲ್ಲಬೇಕು. ಜಾರಿದರೆ ಸೀಮೆಸುಣ್ಣ ಹಚ್ಚಿ ನೋಡಿ, ಆಗಲೂ ಜಾರಿದರೆ ತೂತು ದೊಡ್ಡದಾಗಿದೆ.

ಹೊಸಕಲಿಕೆ_ಚಿಕ್ಕೋಡಿ
ಮೊಬೈಲಿನ್ಯಾಗ ತಂಬೂರಿ ಆ್ಯಪ್ ಇರುವಾಗ ಇಷ್ಟೆಲ್ಲಾ ಯಾಕ್ರಿ?

ತುಂಬಾ_ತಂತಿ_ಅಥಣಿ
ದಿನದ ರಿಯಾಜಿಗೆ ಆ್ಯಪ್ ಸಾಕು, ನಾಚಿಕೆ ಏನಿಲ್ಲ. ಆದರೆ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಖರಜ ಕೇಳಿಸುವುದೇ ಇಲ್ಲ, ಬರೀ ಝೇಂಕಾರ ಕೇಳಿಸುತ್ತದೆ. ಒಂದು ಹದವಾದ ಸ್ಪೀಕರಿಗೆ ಜೋಡಿಸಿ. ತಂಬೂರಿ ಕೊಂಡು ಗೋಡೆಗೆ ಆನಿಸಿ ಧೂಳು ಹಿಡಿಸುವುದಕ್ಕಿಂತ ಅದು ಎಷ್ಟೋ ಮೇಲು.

ಮೈಕಾಸುರ_ಇಳಕಲ್
ಈಗ ನಮ್ಮ ಪಾಳಿ. ಮನಿ ರೆಕಾರ್ಡಿಂಗಿಗೆ ಕಂಡೆನ್ಸರ್ ಮೈಕು ತರಿಸಿ ಅಳೋರ ಸಾಲು ದೊಡ್ಡದೈತಿ. ಅದು ಸೂಕ್ಷ್ಮ ಕಿವಿ. ಫ್ಯಾನು, ಪಕ್ಕದ ಮನಿ ಮಿಕ್ಸರ್, ಬೀದಿ ನಾಯಿ, ಎಲ್ಲಾ ಹಿಡೀತೈತಿ. ದುಂಡನ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ಕಂಡೆನ್ಸರಿಗೆ 48 ವೋಲ್ಟ್ ಫ್ಯಾಂಟಮ್ (ಮೈಕಿನ ಕೇಬಲ್ಲಿನ್ಯಾಗ ಬರೋ ಕರೆಂಟ್) ಬೇಕು. ಅದನ್ನ ಕೊಡದ ಸಾದಾ ಆ್ಯಂಪ್ಲಿಫಯರಿಗೆ ಚುಚ್ಚಿ "ಮೈಕು ಸತ್ತೈತಿ" ಅಂತ ವಾಪಸ್ ಕಳಸ್ತಾರ. ಮೈಕು ಸತ್ತಿಲ್ಲ, ಅದಕ್ಕ ಊಟ ಹಾಕಿಲ್ಲ.

ತಗಡಿನ ಶೆಡ್ಡು, ಗುಡಿ ಸಭಾಮಂಟಪಕ್ಕ ಹಂಗ ಕರೆಂಟ್ ಬೇಡದ ಡೈನಾಮಿಕ್ ಮೈಕ ಸರಿ. ಶೂರ್ ಎಸ್‌ಎಂ58 ಅನ್ನೋದು 1966ರಿಂದ ಅದ ರೂಪದಾಗ ನಡದೈತಿ, ಸುಮ್ನ ಅಲ್ಲ. ಆದ್ರ ಹೆಸರು ನೋಡಿ ನಕಲಿ ತರಬ್ಯಾಡ್ರಿ; ಅರ್ಧಕ್ಕಿಂತ ಕಡಿಮಿ ರೇಟಿಗೆ ಸಿಕ್ಕರ ಅದು ಅದಲ್ಲ. ಪೇಟಿಗೆ ಒಂದು ಮೈಕು ರೀಡಿನ ಕಡೆ, ಒಂದು ಗೇಣು ದೂರ. ತಿದಿ ಕಡೆ ಇಟ್ರ ಉಸ್ ಉಸ್ ಗಾಳಿನ ಕೇಳಿಸ್ತೈತಿ.

ಭಜನಿಪದ_ರಾಮದುರ್ಗ
ಸ್ಪೀಕರ್ ಮ್ಯಾಲ 5000 ವ್ಯಾಟ್ ಅಂತ ಬರದಿರ್ತಾರಲ್ಲ, ಅದು ಖರೇನ?

ಮೈಕಾಸುರ_ಇಳಕಲ್
ಮುಂದ ಪಿಎಂಪಿಒ (ಕ್ಷಣಮಾತ್ರದ ಗರಿಷ್ಠ ಲೆಕ್ಕ) ಅಂತ ಸಣ್ಣಕ್ಷರ ಇರ್ತೈತಿ, ಕಣ್ಣು ಕಿರಿದು ಮಾಡಿ ಓದ್ರಿ. ಅದು ಪೇಪರ್ ಮ್ಯಾಲಿನ ಹುಲಿ. ಆರ್‌ಎಂಎಸ್ ವ್ಯಾಟ್ (ಸತತ ಕೊಡೋ ಶಕ್ತಿ) ಎಷ್ಟು ಕೇಳ್ರಿ. ಇಲ್ಲಾ ಹಿಂದ ಪ್ಲಗ್ ಹತ್ರ ಎಷ್ಟು ವ್ಯಾಟ್ ಕರೆಂಟ್ ತಿಂತೈತಿ ಅಂತ ಬರದಿರ್ತಾರ ನೋಡ್ರಿ. 60 ವ್ಯಾಟ್ ತಿನ್ನೋ ಪೆಟ್ಟಿಗಿ 5000 ವ್ಯಾಟ್ ಎಲ್ಲಿಂದ ಕೊಡ್ತೈತಿ?

ಇನ್ನೊಂದು, ಆ್ಯಂಪ್ಲಿಫಯರ್ ಸುಡೋ ಮುಖ್ಯ ದಾರಿ: 8 ಓಮ್ಸಿನ ನಾಕು ಸ್ಪೀಕರ್ ಒಂದಕ್ಕೊಂದು ಪ್ಯಾರಲಲ್ ಜೋಡಿಸಿದ್ರ ಒಟ್ಟು 2 ಓಮ್ಸ್. ಆ್ಯಂಪ್ಲಿಫಯರ್ 4ರ ತನಕ ಅಂತ ಬರದಿದ್ರ ಜಾತ್ರಿ ಮೊದಲನೇ ರಾತ್ರಿನ ಹೊಗಿ. ಎರಡೆರಡು ಸೀರೀಸ್ ಮಾಡಿ ಆ ಎರಡು ಜೋಡಿನ ಪ್ಯಾರಲಲ್ ಮಾಡಿದ್ರ ಮತ್ತ 8. ಊರ ತುಂಬ ಹಾರ್ನ್ ಕಟ್ಟೋರು 100 ವೋಲ್ಟ್ ಲೈನಿಗೆ ಹೋಗ್ರಿ, ಆದ್ರ ಆ ಲೈನಿಗೆ ಟ್ರಾನ್ಸ್‌ಫಾರ್ಮರ್ ಇಲ್ಲದ ಬರೇ 8 ಓಮ್ಸ್ ಸ್ಪೀಕರ್ ಹಚ್ಚಬ್ಯಾಡ್ರಿ.

ಪಾರಿಜಾತ_ಪ್ರೇಮಿ
ಈಗಿನವ್ರಿಗೆ ವ್ಯಾಟು. ಶ್ರೀಕೃಷ್ಣ ಪಾರಿಜಾತ ಆಟದವ್ರು ಬಯಲಾಗ ಗ್ಯಾಸ್‌ಬತ್ತಿ ಬೆಳಕಿಗೆ ಕಾಲಪೇಟಿ (ಕಾಲಿಲೆ ತಿದಿ ತುಳಿಯೋ ಪೇಟಿ) ಇಟ್ಟು ಹಾಡಿದ್ರ ಊರಾಚೆ ಕೇಳ್ತಿತ್ತು. ಪಾರಿಜಾತದ ಕಲಾವಿದೆ ಕೌಜಲಗಿ ನಿಂಗಮ್ಮನ ಹೆಸರು ಕೇಳೀರೇನು?

ಗೋಕಾಕ_ಸಾಥಿ
ಕೇಳೇವ್ರಿ ಕಾಕಾ. ಆದ್ರ ಕಾಲಪೇಟಿ ಹಳೇದು ಸಿಗ್ತೈತಿ ಅಂತ ತರೋರಿಗೂ ಒಂದು ಮಾತು: ಎರಡೂ ಕೈ ಖಾಲಿ ಸಿಗ್ತಾವ, ಖರೆ. ಕಾಲ ತುಳಿಯೋ ಪಟ್ಟಿ ಹರದಿರ್ತಾವ, ದೊಡ್ಡ ತಿದಿ ಚರ್ಮ ಒಣಗಿ ಬಿರದಿರ್ತೈತಿ. ಪೂರ್ತಿ ತಿದಿ ಬದಲ ಮಾಡೋದು ಅಂದ್ರ ಹೊಸಾ ಕೈಪೇಟಿ ರೊಕ್ಕ ಆಗಬಹುದು. ರೀಡು ಚಲೋ ಇದ್ರ ಮಾತ್ರ ಕೈ ಹಾಕ್ರಿ.

ಶ್ರುತಿಪೆಟ್ಟಿಗೆ_ಬಾಗಲಕೋಟೆ
ರೀಡು ಚೆನ್ನಾಗಿದೆಯೇ ಎಂದು ನೋಡುವುದು ಹೇಗೆ? ಅದನ್ನು ಯಾರೂ ಹೇಳಲಿಲ್ಲ. "ಜರ್ಮನ್ ರೀಡು", "ಪಾಲಿತಾಣಾ ರೀಡು" ಎಂದು ಎಲ್ಲ ಅಂಗಡಿಯಲ್ಲೂ ಹೇಳುತ್ತಾರೆ.

ಸೂರಪೇಟಿ_ಬೆಳಗಾವಿ
ಪಾಲಿತಾಣಾ ಗುಜರಾತಿನ ಊರು, ಅಲ್ಲಿ ರೀಡು ಮಾಡ್ತಾರ, ಖರೆ. ಹೆಸರು ಮಾತ್ರ ಎಲ್ಲಾ ಊರಾಗ ಸಿಗ್ತೈತಿ. ಕಿವಿನ ನಂಬ್ರಿ.

ತಿದಿ ಭಾಳ ಮೆಲ್ಲಗ ಒತ್ತಿ ಒಂದು ಕೀ ಹಿಡೀರಿ. ಸಣ್ಣ ಗಾಳಿಗೇ ರೀಡು ಮಾತಾಡಿದ್ರ ಒಳ್ಳೇದು. ಜೋರ್ ಹೊಡದಾಗಷ್ಟ ಎಚ್ಚರಾದ್ರ ನಾಲಿಗಿ ಭಾಳ ಎತ್ತರ ಕುಂತೈತಿ. ಎರಡು ಸಾಲು ಕೂಡಿ ನುಡಿಸುವಾಗ ವಾಂವ್ ವಾಂವ್ ಅಂತ ಅಲೆ ಬಂದ್ರ ಎರಡೂ ಒಂದ ಸೂರಿಗಿಲ್ಲ. ಝರ್ ಅಂದ್ರ ನಾಲಿಗಿ ಪಕ್ಕದ ಗೋಡಿಗೆ ತಾಗ್ತೈತಿ, ಇಲ್ಲಾ ನಡುವ ಧೂಳು. ಧೂಳಿಗೆ ತೆಳು ಕಾಗದ ನಾಲಿಗಿ ಕೆಳಗ ತೂರಿಸಿ ಮೆಲ್ಲಗ ಎಳೀರಿ. ಬಾಯಿಂದ ಊದಬ್ಯಾಡ್ರಿ, ಉಸಿರಿನ ಪಸಿಗೆ ಹಿತ್ತಾಳಿ ಹಸರಾಕೈತಿ.

ಸೂರು ಏರ್ಸೋದು ಅಂದ್ರ ತುದಿ ಕೆರಿಯೋದು, ಇಳಸೋದು ಅಂದ್ರ ಬುಡ ಕೆರಿಯೋದು. ಹೇಳಾಕ ಸರಳ. ಕೆರದ ಹಿತ್ತಾಳಿ ಮತ್ತ ಹತ್ತಂಗಿಲ್ಲ, ಅದಕ್ಕ ಯೂಟ್ಯೂಬ್ ನೋಡಿ ಬ್ಲೇಡ್ ಹಿಡಿಯೋರು ಮೊದ್ಲ ಯಾವುದರ ಕೆಟ್ಟ ರೀಡಿನ ಮ್ಯಾಲ ಕೈ ತಿರುಗಿಸ್ರಿ.

ತಗಡು_ತೆಗೀರಿ
ಇಲಿ ಬಗ್ಗೆ ಯಾರೂ ಬರಿಲಿಲ್ಲ. ಗುಡಿಯೊಳಗ ಇಟ್ಟ ಪೇಟಿ ಅಂದ್ರ ಪ್ರಸಾದದ ಕೈ, ಬೆಲ್ಲದ ವಾಸನಿ. ಇಲಿ ಮೊದ್ಲ ತಿನ್ನೋದು ತಿದಿ ಚರ್ಮ, ಆಮ್ಯಾಲ ಕೀ ಕೆಳಗಿನ ಉಣ್ಣಿ ಬಟ್ಟಿ.

ಭಜನಿಪದ_ರಾಮದುರ್ಗ
ಸೂರಪೇಟಿ ಅಣ್ಣಾರ, ನೀವು ಹೇಳಿದಂಗ ನೋಡಿದ್ವಿ. ಸ್ಟಾಪರ್ ಮುಚ್ಚಿ ಹೊಡದ್ರ ತಿದಿ ಮೆತ್ತಗ ಒಳಗ ಹೋಗ್ತೈತಿ. ಊದಿನಕಡ್ಡಿ ಹೊಗಿ ಬಲಗಡೆ ಕೆಳಗಿನ ಮೂಲ್ಯಾಗ ಅಡ್ಡ ಹಾರ್ತು. ಸೂಟ್‌ಕೇಸ್ ಸಂದ್ಯಾಗ ಏನೂ ಇಲ್ಲ. ಪ ಕೀ ಕೆಳಗ ಕುಂತು ಬೆರಳಲೆ ಎತ್ತಿದ್ರ ಏಳ್ತೈತಿ.

ಸೂರಪೇಟಿ_ಬೆಳಗಾವಿ
ಹಂಗಾದ್ರ ಮಾರೋದು ಬ್ಯಾಡ. ಮೂಲಿಗೆ ತೆಳು ಆಡಿನ ಚರ್ಮದ ತುಂಡು, ತೂತಿಗಿಂತ ಅರ್ಧ ಇಂಚು ಸುತ್ತ ದೊಡ್ಡದು. ಅಂಚು ಬ್ಲೇಡಿನಿಂದ ಸವರಿ ತೆಳ್ಳಗ ಮಾಡ್ರಿ, ಇಲ್ಲಂದ್ರ ಮಡಿಕಿ ಮುಚ್ಚುವಾಗ ಎದ್ದು ಬರ್ತೈತಿ. ಫೆವಿಕಾಲ್ ತೆಳ್ಳಗ, ತಿದಿ ಅರ್ಧ ತೆರೆದಂಗ ಇಟ್ಟು ಒಂದು ರಾತ್ರಿ ಒಣಗ್ಲಿ. ಪೂರ್ತಿ ಮುಚ್ಚಿ ಒಣಗಿಸಿದ್ರ ಮಡಿಕಿ ಒಂದಕ್ಕೊಂದು ಅಂಟ್ತಾವ.

ಪ ಕೀಗೆ ಈಗ ಕೈ ಹಚ್ಚಬ್ಯಾಡ್ರಿ. ಮಳಿಗಾಲದಾಗ ಉಬ್ಬಿದ ಕಟ್ಟಿಗಿ. ಈಗ ಕೆರದ್ರ ಬ್ಯಾಸಿಗ್ಯಾಗ ಸಂದಿ ಬಿದ್ದು ಕಟಕಟ ಅಂತೈತಿ. ಪೇಟಿನ ಒಣ ಕೋಣ್ಯಾಗ ನೆಲ ಬಿಟ್ಟು ಮಣಿ ಮ್ಯಾಲ ಇಡ್ರಿ, ಒಳಗ ಸಿಲಿಕಾ ಜೆಲ್ ಪೊಟ್ಟಣ ಹಾಕ್ರಿ. ದೀಪಾವಳಿಗೂ ಹಂಗ ಇದ್ರ ಆಗ ಸಣ್ಣ ಪಾಲಿಶ್ ಕಾಗದ ಎರಡು ಕೀ ನಡುವ ನಾಕೈದು ಸಲ ಆಡಿಸಿದ್ರ ಸಾಕು.

ಸ್ಕೇಲ್ ಚೇಂಜರನ್ನ ಬಿಳಿ 1ಕ್ಕ ನಿಲ್ಲಿಸಿ ಮರತುಬಿಡ್ರಿ. ಕರಿ 1 ಬೇಕಾದ್ರ ಬೆರಳು ಸರಿಸೋದು.

ಗೋಕಾಕ_ಸಾಥಿ
ಅದನ್ನ ನಾ ಮೊದ್ಲ ಹೇಳಿದ್ದು.

ಶ್ರುತಿಪೆಟ್ಟಿಗೆ_ಬಾಗಲಕೋಟೆ
ಮಂಡಳಿಗೆ ಅದು ಸರಿ. ಸಾಥಿಗೆ ಸರಿಯಲ್ಲ. ನನ್ನ ಮಾತು ಅಲ್ಲೇ ಇದೆ.

ಭಜನಿಪದ_ರಾಮದುರ್ಗ
ಆಗ್ಲಿರಿ. ಒಂದು ತೊಡಕು: ಆ ಮೂಲಿಗೆ ಯಾರೋ ಮೊದ್ಲ ಅಗಲನ ಪ್ಲಾಸ್ಟಿಕ್ ಟೇಪ್ ಸುತ್ಯಾರ. ಅದರ ಮ್ಯಾಲ ಚರ್ಮ ಹಚ್ಚಬಹುದಾ?

ಸೂರಪೇಟಿ_ಬೆಳಗಾವಿ
ಟೇಪಿನ ಮ್ಯಾಲ ಫೆವಿಕಾಲ್ ನಿಲ್ಲಂಗಿಲ್ಲ. ಎಳಿ ಬಿಸಿಲಿಗೆ ಹತ್ತು ನಿಮಿಷ ಹಿಡದು ಅಂಚಿನಿಂದ ಮೆಲ್ಲಗ ಸುಲೀರಿ, ಒಮ್ಮೆಲೆ ಎಳದ್ರ ಕೆಳಗಿನ ಬಟ್ಟಿನೂ ಬರ್ತೈತಿ. ಉಳಿದ ಅಂಟಿಗೆ ಬಟ್ಟೀಗೆ ಸ್ಪಿರಿಟ್ ಹಚ್ಚಿ ಒರಸ್ರಿ. ಬಿಚ್ಚಿದ ಮ್ಯಾಲ ಫೋಟೋ ಹಾಕ್ರಿ, ಇಲಿ ಹಲ್ಲಿನ ಗುರುತು ಇದ್ರ ಚರ್ಮ ದೊಡ್ಡದು ಬೇಕಾಗ್ತೈತಿ.